ತಾರಸಿಯ ಮೇಲಿನ ಅವ್ವ

ನನ್ನ ಮೇಜಿನ ಮೇಲೆ ಒಂದು ಒಣ ಅರಿಶಿನದ ಕೊಂಬು ಇದೆ. ಕಾಗದ ಹಾರದಂತೆ ಇಡೋಣವೆಂದರೆ ತೀರ ಹಗುರ. ಸಾರಿಗೆ ಕುಟ್ಟಿ ಹಾಕೋಣವೆಂದರೆ ಅದರ ಗೆರೆಗಳಲ್ಲಿ ಇನ್ನೂ ಮಣ್ಣು ಕೂತಿದೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, ಒಮ್ಮೆ ಮೂಸಿ, "ಏನು ಇನ್ನಾಸಪ್ಪನವರೇ, ಶೀತಕ್ಕೆ ಸುಟ್ಟು ಹೊಗೆ ತಗೋತೀರಾ?" ಎಂದು ಕೇಳುತ್ತಾರೆ. ನಾನು ಹೂಂ ಎನ್ನುತ್ತೇನೆ. ಒಳಗಿನಿಂದ ನನ್ನ ಹೆಂಡತಿ ಸೆಲಿನ್ ಕೆಮ್ಮುತ್ತಾಳೆ. ಅದು ಶೀತದ ಕೆಮ್ಮಲ್ಲ, ನನಗೆ ಗೊತ್ತು. ಬೇರೆಯವರಿಗೆ ಹೂಂ ಅಂದದ್ದಾಯಿತು, ನಿಮಗಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ಅದಕ್ಕೂ ಮೊದಲು ನನ್ನದೊಂದು ಕಾಯಿಲೆಯ ವಿಷಯ ಹೇಳಬೇಕು. ಮುಚ್ಚಿಟ್ಟದ್ದನ್ನು ಕಂಡರೆ ತೆರೆದು ನೋಡದೆ ನಾನು ಇರಲಾರೆ. ಇಡ್ಲಿ ಒಲೆಯ ಮೇಲಿಟ್ಟು ಐದು ನಿಮಿಷ ಆಗಿರುವುದಿಲ್ಲ, ಮುಚ್ಚಳ ಎತ್ತುತ್ತೇನೆ. ಹಾಲು ಹೆಪ್ಪಾಯಿತೇ ಎಂದು ಪಾತ್ರೆ ಅಲುಗಿಸುತ್ತೇನೆ. ಅಲುಗಿಸಿದ ಮೊಸರು ನೀರೊಡೆಯುತ್ತದೆ, ಬೈಗುಳ ನನ್ನ ಪಾಲಿಗೆ ಬರುತ್ತದೆ. ಚಿಕ್ಕಂದಿನಲ್ಲಿ ಅಮ್ಮ ಹಿತ್ತಲಲ್ಲಿ ಅವರೆ ಬೀಜ ಹಾಕಿದ್ದರು. ನಾನು ಸ್ಕೂಲಿನಿಂದ ಬಂದವನೇ ಚೀಲ ಎಸೆದು, ಒಂದೊಂದೇ ಬೀಜ ಕೆದಕಿ, ಮೊಳಕೆ ಎಷ್ಟು ಬಂತೆಂದು ನೋಡಿ, ಮತ್ತೆ ಮಣ್ಣು ಮುಚ್ಚಿ ಬರುತ್ತಿದ್ದೆ. ಆ ವರ್ಷ ನಮ್ಮ ಹಿತ್ತಲಲ್ಲಿ ಅವರೆ ಬರಲಿಲ್ಲ. ಇಲಿ ತಿಂದಿರಬೇಕು ಎಂದು ಅಮ್ಮ ಶಪಿಸಿದರು. ಇಲಿಯ ಮೇಲೆ ಬಂದ ಅಪವಾದವನ್ನು ನಾನು ತಡೆಯಲು ಹೋಗಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ನಮಗೆ ಜ್ಞಾನೋಪದೇಶ ಇರುತ್ತಿತ್ತು. ಯೇಸುಸ್ವಾಮಿಯನ್ನು ಸಮಾಧಿಯಲ್ಲಿಟ್ಟು ಕಲ್ಲು ಮುಚ್ಚಿದರು, ಮೂರನೆಯ ದಿನ ಎದ್ದು ಬಂದರು ಎಂದು ಸಿಸ್ಟರ್ ಹೇಳುತ್ತಿದ್ದಾಗ ನಾನು ಕೈ ಎತ್ತಿ, "ಮಧ್ಯದಲ್ಲಿ ಒಳಗೆ ಏನಾಗ್ತಿತ್ತು ಸಿಸ್ಟರ್?" ಎಂದು ಕೇಳಿದೆ. ಅವರು, "ನೀನು ಅಲ್ಲಿದ್ದಿದ್ರೆ ಎರಡನೇ ದಿನವೇ ಕಲ್ಲು ಎತ್ತಿ ನೋಡಿಬಿಡ್ತಿದ್ದೆ ಕಣೋ" ಎಂದರು. ನಿಜವಾದ ಮಾತು.

ಇಂಥವನಿಗೆ ಸಿಕ್ಕ ಕೆಲಸ ಅಂಚೆ ಕಚೇರಿಯಲ್ಲಿ. ಮೂವತ್ತಮೂರು ವರ್ಷ ಅಂಟಿಸಿದ ಲಕೋಟೆಗಳನ್ನು ಊರಿಂದೂರಿಗೆ ವಿಂಗಡಿಸಿದೆ, ಒಂದನ್ನೂ ತೆರೆಯಲಿಲ್ಲ. ಬೆಳಕಿಗೆ ಹಿಡಿದು ನೋಡಿದೆನೇ ಎಂದು ನೀವು ಕೇಳಬಾರದು. ಅಲ್ಲಿ ತಡೆದುಕೊಂಡದ್ದೆಲ್ಲ ನಿವೃತ್ತಿಯಾದ ಮೇಲೆ ಮನೆಯ ಡಬ್ಬಿ ಪಾತ್ರೆಗಳ ಮೇಲೆ ಹೊರಟಿದೆ ಎಂಬುದು ಸೆಲಿನಳ ವಾದ.

ಸರಸ್ವತಿಪುರಂನಲ್ಲಿ ನಮ್ಮದು ಮಹಡಿಯ ಮನೆ. ಕೆಳಗೆ ಪುಟ್ಟತಾಯಮ್ಮನ ಸಂಸಾರ. ಆಕೆ ವಿದ್ಯಾರ್ಥಿಗಳ ಮೆಸ್ಸಿನಲ್ಲಿ ಅಡುಗೆ ಮಾಡುತ್ತಾರೆ, ಗಂಡ ಆಟೋ ಓಡಿಸುತ್ತಾರೆ, ಮಗಳು ಸುಜಾತ ನರ್ಸಿಂಗ್ ಮುಗಿಸಿದ್ದಾಳೆ. ಪುಟ್ಟತಾಯಮ್ಮ ಮದುವೆಯಾಗಿ ಚಾಮರಾಜನಗರದ ಆಚೆಯ ಹಳ್ಳಿಯಿಂದ ಬಂದವರು. ಅವರ ಮನೆಯಲ್ಲಿ ಬುದ್ಧನ ಪಟ, ನಮ್ಮ ಮನೆಯಲ್ಲಿ ಮಾತೆ ಮರಿಯಮ್ಮನ ಪಟ. ಮೆಟ್ಟಿಲ ಮೇಲೆ ಕ್ರಿಸ್‌ಮಸ್ಸಿನ ಸಿಹಿತಿಂಡಿ ಕಲ್‌ಕಲ್ ಕೆಳಗಿಳಿಯುತ್ತದೆ, ಬುದ್ಧಪೂರ್ಣಿಮೆಯ ಪಾಯಸ ಮೇಲೇರುತ್ತದೆ.

ಹೋದ ವರ್ಷ ಮೇ ತಿಂಗಳಲ್ಲಿ, ಮೊದಲ ಮಳೆ ಬಿದ್ದ ಮಾರನೆಯ ದಿನ, ಪುಟ್ಟತಾಯಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅವರಿಗೆ ಮಂಡಿನೋವು, ಕಾರಣವಿಲ್ಲದೆ ಮೇಲೆ ಬರುವವರಲ್ಲ. ಕೈಯಲ್ಲಿ ಹಳೆಯ ಸೀರೆಯ ತುಂಡಿನ ಗಂಟು. ಬಿಚ್ಚಿದರೆ ಐದು ಹಸಿ ಅರಿಶಿನದ ಗೆಡ್ಡೆ, ಒಂದೊಂದರ ಮೇಲೂ ಅಕ್ಕಿಕಾಳಿನಷ್ಟು ಮೊಳಕೆಯ ಕಣ್ಣು.

"ನಮ್ಮವ್ವಂದು ಕಣಣ್ಣ," ಎಂದರು. "ಬಚ್ಚಲ ನೀರು ಅರಿಯೋ ಜಾಗದಲ್ಲಿ ಆಕಿದ್ಲು. ನಾನು ಉಟ್ಟಕ್ಕೂ ಮುಂಚಿಂದೂ ಅದೇ ಬೀಜ. ಅವ್ವ ತೀರೋದ್ಲು, ಅಣ್ಣ ಇತ್ಲಿಗೆ ಸಿಮೆಂಟ್ ಆಕ್ಸಿ ರೂಮ್ ಕಟ್ಟುಸ್ಬುಟ್ಟ. ಉಳಿದಿರದು ಇಷ್ಟೇಯ."

ಸುಜಾತಳ ಮದುವೆ ಫೆಬ್ರವರಿಗೆ ನಿಶ್ಚಯವಾಗಿತ್ತು. ಅಷ್ಟು ಹೊತ್ತಿಗೆ ಈ ಐದು ಗೆಡ್ಡೆ ಒಂದು ಬುಟ್ಟಿಯಾದರೆ, ಅಜ್ಜಿಯ ಅರಿಶಿನವನ್ನೇ ಅರೆದು ಮೊಮ್ಮಗಳಿಗೆ ಹಚ್ಚಬೇಕು ಎಂಬುದು ಅವರ ಆಸೆ. "ಮದ್ವೆ ಬುದ್ಧವಂದನೆ ಮಾಡಿನೇ. ಆದ್ರೂ ಅರಿಶಿನ ಅಚ್ದೆ ಎಣ್ಣುಮಗೀನ ಎಂಗಣ್ಣ ಕಳುಸದು?" ನಾನು ತಲೆಯಾಡಿಸಿದೆ. ನಮ್ಮ ಮನೆಗಳಲ್ಲೂ ಮದುವೆಯ ಹಿಂದಿನ ದಿನ ಹಚ್ಚುತ್ತಾರೆ. ನನಗೆ ಹಚ್ಚುವಾಗ ಇದೇಕೆ ಕಿವಿಯ ಹಿಂದೆಯೂ ಹಚ್ಚುತ್ತೀರಿ ಎಂದು ಕೇಳಿ ಅತ್ತೆಯಂದಿರಿಂದ ತಲೆಗೆ ಮೊಟಕಿಸಿಕೊಂಡಿದ್ದೆ. ಪುಟ್ಟತಾಯಮ್ಮನ ಮನೆಯ ಮುಂದೆ ಬಿಸಿಲು ಬೀಳುವುದಿಲ್ಲ. ನಮ್ಮ ತಾರಸಿಯ ಮೇಲೆ ಬೇಕಾದಷ್ಟು ಬೀಳುತ್ತದೆ. ಹೀಗೆ ಅವರ ಅವ್ವನ ಬೀಜ, ಊರವರನ್ನೆಲ್ಲ ಬಿಟ್ಟು, ನನ್ನ ಕೈಗೆ ಬಂತು.

ಹಳೆಯ ನೀರಿನ ಡ್ರಮ್ಮೊಂದನ್ನು ಅರ್ಧಕ್ಕೆ ಕೊಯ್ಯಿಸಿ, ತಳಕ್ಕೆ ತೂತು ಹೊಡೆಸಿ, ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟೆ. ಮೊದಲ ದಿನ ಏನೂ ಕಾಣಲಿಲ್ಲ. ಎರಡನೆಯ ದಿನವೂ ಕಾಣಲಿಲ್ಲ. ಎರಡು ದಿನಕ್ಕೆ ಏನು ಕಂಡೀತು ಎಂದು ನೀವು ನಗಬಹುದು. ಹನ್ನೆರಡನೆಯ ದಿನ ನನ್ನಿಂದ ಆಗಲಿಲ್ಲ. ಅಡುಗೆಮನೆಯಿಂದ ಒಂದು ಚಮಚ ತಂದು ಮೂಲೆಯ ಗೆಡ್ಡೆಯನ್ನು ಮೆಲ್ಲಗೆ ಎಬ್ಬಿಸಿದೆ. ಬೆಳ್ಳಗೆ, ಹೆಬ್ಬೆರಳುದ್ದ, ಎಷ್ಟು ಚೆಂದದ ಮೊಳಕೆ ಅಂತೀರಿ. ನೋಡುತ್ತಿದ್ದ ಹಾಗೇ ಅದು ಪಟ್ಟೆಂದು ಮುರಿದು ಚಮಚದೊಳಗೆ ಬಿತ್ತು.

ಸೆಲಿನ್ ಹೋಗಿ ಕೆಳಗೆ ಹೇಳಿಬಿಟ್ಟಳು. ಪುಟ್ಟತಾಯಮ್ಮ ಬೈಯಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, "ಮಲಗಿರೋರ್ನ ದಿನಾ ಎಬ್ಬುಸುದ್ರೆ ಅವ್ರು ಯಾವಾಗಣ್ಣ ನಿದ್ದೆ ಮಾಡದು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇನ್ನು ಮುಟ್ಟಕಿಲ್ಲ ಅಂತ ಮಾತು ಕೊಡಿ," ಎಂದರು. ಕೊಟ್ಟೆ. ಚಮಚವನ್ನು ಸೆಲಿನ್ ಅಕ್ಕಿಡಬ್ಬಿಯೊಳಗೆ ಬಚ್ಚಿಟ್ಟಳು. ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಅಕ್ಕಿಡಬ್ಬಿಯನ್ನೂ ನಾನು ತೆರೆದು ನೋಡುವವನೇ.

ಉಳಿದ ನಾಲ್ಕು ಸುಮ್ಮನೆ ಬೆಳೆದವು. ಮುರಿದದ್ದೂ ಹದಿನೈದು ದಿನ ಮುನಿಸಿಕೊಂಡಿದ್ದು, ಪಕ್ಕದ ಕಣ್ಣಿನಿಂದ ಮೇಲೆದ್ದಿತು. ಸುರುಳಿ ಸುತ್ತಿಕೊಂಡು ಬರುವ ಎಲೆ, ಬಿಚ್ಚಿದರೆ ಮೊಳದುದ್ದ. ನನ್ನ ಕುತೂಹಲಕ್ಕೆ ಈಗ ಮಣ್ಣಿನ ಮೇಲೆಯೇ ಕೆಲಸ ಸಿಕ್ಕಿತು. ಗೆಡ್ಡೆ ಅಷ್ಟು ಹಳದಿ, ಎಲೆಯಲ್ಲಿ ಆ ಬಣ್ಣದ ಸುಳಿವೇ ಇಲ್ಲವಲ್ಲ, ಏಕೆ? ಎಲೆ ಹರಿದರೆ ಮಾವಿನಕಾಯಿಯ ವಾಸನೆಯೂ ಅಲ್ಲ, ಶುಂಠಿಯದೂ ಅಲ್ಲ, ಇದು ಯಾವುದು? ಆಗಸ್ಟಿನಲ್ಲಿ ಎಲೆಗಳ ನಡುವೆ ಬಿಳಿ ಗುಲಾಬಿ ಬಣ್ಣದ ತೆನೆಯಂಥ ಹೂವು ಬಂತು. ಅರಿಶಿನ ಹೂ ಬಿಡುತ್ತದೆ ಎಂಬುದೇ ಅರವತ್ತು ದಾಟಿದ ನನಗೆ ಗೊತ್ತಿರಲಿಲ್ಲ. ದಿನಾ ಸಾರಿಗೆ ಹಾಕಿಕೊಂಡು ತಿಂದವನಿಗೆ ಅದರ ಮನೆತನವೇ ತಿಳಿದಿರಲಿಲ್ಲ. ಸೆಲಿನ್ ಎರಡು ಎಲೆ ಕೊಯ್ದು, ಒಳಗೆ ಅಕ್ಕಿಹಿಟ್ಟು ಹಚ್ಚಿ, ಕಾಯಿ ಬೆಲ್ಲ ತುಂಬಿ ಕಡುಬು ಬೇಯಿಸಿದಳು. ಮಂಗಳೂರಿನ ಗೆಳತಿಯೊಬ್ಬಳಿಂದ ಕಲಿತದ್ದಂತೆ. ಆ ದಿನ ನಾನು ಮುಚ್ಚಳ ಎತ್ತಿದ್ದು ಎರಡೇ ಸಲ.

ಪುಟ್ಟತಾಯಮ್ಮ ಬೆಳಿಗ್ಗೆ ಮೆಸ್ಸಿಗೆ ಹೊರಡುವಾಗ ಮೆಟ್ಟಿಲ ಬುಡದಲ್ಲಿ ನಿಂತು ದಿನವೂ ಕೂಗಿ ಕೇಳುತ್ತಿದ್ದರು: "ನಮ್ಮವ್ವ ಎಂಗವ್ಳೆ ಇನ್ನಾಸಣ್ಣ?"

"ಚೆನ್ನಾಗಿದ್ದಾರೆ ಪುಟ್ಟತಾಯಮ್ಮ."

ಅದಕ್ಕೆ ಅವರು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಈ ಪ್ರಶ್ನೋತ್ತರ ನಡೆಯದೆ ಇಬ್ಬರಿಗೂ ಬೆಳಗಾಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಕ್ರಿಸ್‌ಮಸ್ ನಕ್ಷತ್ರ ಕಟ್ಟಲು ತಾರಸಿಗೆ ಏಣಿ ತಂದೆ. ತಂತಿ ಎಳೆಯುತ್ತ ಕೆಳಗೆ ನೋಡಿದರೆ ಅರಿಶಿನದ ಎರಡು ಎಲೆ ತುದಿಯಿಂದ ಹಳದಿಯಾಗಿವೆ. ಚಳಿಗೆ ಇರಬೇಕು ಅಂದುಕೊಂಡೆ. ಹೊಸ ವರ್ಷದ ಹೊತ್ತಿಗೆ ಅರ್ಧ ಗಿಡ ಹಳದಿ. ನೀರು ಹೆಚ್ಚು ಹಾಕಿದೆ. ಇನ್ನಷ್ಟು ಹಳದಿಯಾಯಿತು. ನೀರು ನಿಲ್ಲಿಸಿದೆ. ಕಂದು ಬಣ್ಣಕ್ಕೆ ತಿರುಗಿತು. ಮೊಬೈಲಿನಲ್ಲಿ ಹುಡುಕಿದರೆ ಒಬ್ಬ ಪುಣ್ಯಾತ್ಮ, ಅರಿಶಿನದ ಎಲೆ ಹಳದಿಯಾಗಲು ಒಂಬತ್ತು ಕಾರಣ ಎಂದು ವಿಡಿಯೊ ಮಾಡಿದ್ದ. ಮೊದಲನೆಯದು ನೀರು ಹೆಚ್ಚಾಗಿರುವುದು. ಎರಡನೆಯದು ನೀರು ಕಡಿಮೆಯಾಗಿರುವುದು. ಮೂರನೆಯದು ಗೆಡ್ಡೆ ಕೊಳೆತಿರುವುದು. ನಾಲ್ಕನೆಯದು ಬೇರಿಗೆ ಪೆಟ್ಟಾಗಿರುವುದು. ಅಲ್ಲಿಗೆ ಮೊಬೈಲ್ ಆರಿಸಿದೆ. ಚಮಚ ನನ್ನ ಕಣ್ಣ ಮುಂದೆ ಬಂತು.

ಮಾರನೆಯ ಬೆಳಿಗ್ಗೆ ಕೆಳಗಿನಿಂದ ಕೂಗು: "ನಮ್ಮವ್ವ ಎಂಗವ್ಳೆ?"

"ಚೆನ್ನಾಗಿದ್ದಾರೆ," ಎಂದೆ. ಬಾಯಿಗೆ ರೂಢಿಯಾಗಿತ್ತು. ಮೊದಲ ದಿನ ರೂಢಿ, ಎರಡನೆಯ ದಿನದಿಂದ ಅದು ಸುಳ್ಳು. ಸಂಕ್ರಾಂತಿಯ ಹೊತ್ತಿಗೆ ಗಿಡವೆಲ್ಲ ಒಣಗಿ ಮಣ್ಣಿನ ಮೇಲೆ ಮಲಗಿತ್ತು. ನಾನು ಹಾಲಿಗೆ ಹೋಗುವ ಹೊತ್ತನ್ನೇ ಬದಲಾಯಿಸಿದೆ, ಪುಟ್ಟತಾಯಮ್ಮ ಎದುರಿಗೆ ಸಿಗಬಾರದೆಂದು. ಎಳ್ಳು ಬೀರಲು ಬಂದ ಸುಜಾತ, "ಅಂಕಲ್, ಅಜ್ಜಿ ಅರಿಶಿನ ಬರ್ತಾ ಇದೆ ಅಂತ ಅಮ್ಮ ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ," ಎಂದಳು. ನಾನು ಎಳ್ಳು ಬಾಯಿಗೆ ಹಾಕಿಕೊಂಡು ಮಾತನಾಡಲಾಗದ ಹಾಗೆ ನಟಿಸಿದೆ.

ನೀವು ಕೇಳುವುದು ಗೊತ್ತು. ಕೆದಕಿ ನೋಡಬಹುದಿತ್ತಲ್ಲ? ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದೆ ಎನ್ನಬಹುದು, ಆದರೆ ಅದು ನೆಪ. ಜೀವಮಾನದಲ್ಲಿ ಮೊದಲ ಸಲ, ಮುಚ್ಚಿದ್ದರೊಳಗೆ ಏನಿದೆ ಎಂದು ನೋಡುವುದು ನನಗೆ ಬೇಡವಾಗಿತ್ತು. ಸತ್ತಿದೆ ಎಂದು ಕಣ್ಣಾರೆ ನೋಡಿದರೆ ಕೆಳಗೆ ಹೋಗಿ ಹೇಳಬೇಕಾಗುತ್ತಿತ್ತು. ಒಬ್ಬ ಹೆಣ್ಣುಮಗಳ ಕೈಯಲ್ಲಿ ಉಳಿದಿದ್ದ ಅವಳ ತಾಯಿಯ ಕೊನೆಯ ಬೀಜವನ್ನು ಚಮಚದಲ್ಲಿ ಮುಗಿಸಿದೆ ಎಂದು ಹೇಗೆ ಹೇಳುವುದು?

ಇದೇ ಅರಿಶಿನ ಹಿಂದೊಮ್ಮೆಯೂ ನನ್ನನ್ನು ಹೀಗೆ ಸಿಕ್ಕಿಸಿತ್ತು. ಚರ್ಚಿನಲ್ಲಿ ನನ್ನ ಮೊದಲ ಪರಮಪ್ರಸಾದದ ಹಬ್ಬಕ್ಕೆ ಅಪ್ಪ ಬಿಳಿ ಅಂಗಿ ಹೊಲಿಸಿದ್ದರು. ಹಿಂದಿನ ದಿನ ಹಾಕಿ ನೋಡುವ ಆಸೆ. ಹಾಕಿಕೊಂಡೇ ಊಟಕ್ಕೆ ಕೂತೆ, ಹುಳಿ ಎದೆಯ ಮೇಲೆ ಬಿತ್ತು. ಯಾರೂ ನೋಡದಂತೆ ಬಚ್ಚಲಿಗೆ ಹೋಗಿ ಬಾರ್ ಸೋಪು ಉಜ್ಜಿದರೆ ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು. ಭಯವಾಗಿ ಅಂಗಿಯನ್ನು ಮಡಿಸಿ ಟ್ರಂಕಿನ ತಳದಲ್ಲಿ ತುರುಕಿದೆ. ಅಮ್ಮ ಹೇಗೋ ಕಂಡುಹಿಡಿದರು. ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡರೆ, ಅಂಗಿಯನ್ನು ಜಾಲಿಸಿ ನನ್ನ ಕೈಗೇ ಕೊಟ್ಟು, "ಅರಿಶಿನದ ಕಲೆ ಬಚ್ಚಿಟ್ರೆ ಹೋಗಲ್ಲ ಕಣೋ. ಬಿಸಿಲಿಗೆ ಹಾಕು," ಎಂದರು. ಸಂಜೆಯ ಹೊತ್ತಿಗೆ ಕಲೆ ಇರಲಿಲ್ಲ. ಬಿಸಿಲು ಅದನ್ನು ಎಲ್ಲಿಗೆ ಒಯ್ದಿತು ಎಂದು ನಾನು ವಾರಗಟ್ಟಲೆ ಯೋಚಿಸಿದೆ. ಅಮ್ಮ ಹೇಳಿದ್ದರಲ್ಲಿ ಬಿಸಿಲಿನ ಮಾತನ್ನಷ್ಟೇ ಕಲಿತೆ, ಬಚ್ಚಿಡುವ ಮಾತನ್ನು ಮರೆತೆ.

ಮರೆತದ್ದಕ್ಕೆ ಸಾಕ್ಷಿ, ಫೆಬ್ರವರಿಯ ಮೊದಲ ವಾರ ನಾನು ಮಾಡಿದ ಕೆಲಸ. ಬಸ್ಸು ಹತ್ತಿ ದೇವರಾಜ ಮಾರುಕಟ್ಟೆಗೆ ಹೋದೆ. ನನ್ನ ತರ್ಕ ಹೀಗಿತ್ತು: ಮೇಲೆ ಎಲೆ ಒಣಗಿದೆ, ಹಾಗಾದರೆ ಒಳಗಿನ ಗೆಡ್ಡೆಯೂ ಒಣಗಿಯೇ ಇರಬೇಕು, ಅಂಗಡಿಯಲ್ಲಿ ಸಿಗುವುದೂ ಒಣಗಿದ ಕೊಂಬು, ಅಂದಮೇಲೆ ಅದನ್ನು ಹೂತಿಟ್ಟರೆ ಯಾರಿಗೂ ವ್ಯತ್ಯಾಸ ತಿಳಿಯದು. ಅಂಗಡಿಯ ಕೊಂಬನ್ನು ಬೇಯಿಸಿ, ವಾರಗಟ್ಟಲೆ ಒಣಗಿಸಿ, ಉಜ್ಜಿ ಹೊಳಪು ಮಾಡಿರುತ್ತಾರೆ ಎಂಬುದು ಪ್ರತಿ ಗೆಡ್ಡೆಯ ಒಳಗನ್ನೂ ನೋಡಬೇಕೆನ್ನುವ ಈ ಮಹಾಶಯನಿಗೆ ಗೊತ್ತಿರಲಿಲ್ಲ.

ಅರಿಶಿನ ಕುಂಕುಮದ ಗುಡ್ಡೆಗಳ ಹಿಂದೆ ಕೂತಿದ್ದ ವ್ಯಾಪಾರಿ, "ಪುಡಿಗೋ ಪೂಜೆಗೋ ಸ್ವಾಮಿ?" ಎಂದು ಕೇಳಿದ.

"ಪೂಜೆಗೆ," ಎಂದೆ. ಕತ್ತಿನಲ್ಲಿ ಶಿಲುಬೆಯ ಸರ ಇತ್ತು, ಅದನ್ನು ಅಂಗಿಯೊಳಗೆ ಸೇರಿಸಿಕೊಂಡೆ.

"ಬರೀ ಅರಿಶಿನ ತಗೊಂಡೋಗ್ಬಾರ್ದು ಕಣ್ರೀ, ಕುಂಕುಮಾನೂ ಇರ್ಬೇಕು," ಎಂದು ಅವನೇ ಒಂದು ಪೊಟ್ಟಣ ಕಟ್ಟಿಕೊಟ್ಟ. ಆ ಕುಂಕುಮದ ಪೊಟ್ಟಣವನ್ನು ಸೆಲಿನಳಿಗೆ ಕಾಣದ ಹಾಗೆ ಬಚ್ಚಿಡುವುದು ಬೇರೊಂದು ಕೆಲಸವಾಯಿತು. ಮಧ್ಯಾಹ್ನ ಅವಳು ಮಲಗಿದ್ದಾಗ ಅಕ್ಕಿಡಬ್ಬಿಯಿಂದ ಚಮಚ ತೆಗೆದು, ತಾರಸಿಗೆ ಹೋಗಿ, ಡ್ರಮ್ಮಿನ ಅಂಚಿನ ಸುತ್ತ ಮೂರು ಬೆರಳು ಆಳಕ್ಕೆ ತೋಡಿ ಹನ್ನೊಂದು ಕೊಂಬು ಹೂತೆ. ತೋಡುವಾಗ ಮುಖ ಆಚೆಗೆ ತಿರುಗಿಸಿಕೊಂಡು ಎದುರು ಟ್ಯುಟೋರಿಯಲ್ಲಿನ ಬೋರ್ಡು ಓದುತ್ತಿದ್ದೆ.

ಮದುವೆಗೆ ಐದು ದಿನ ಇರುವಾಗ ಪುಟ್ಟತಾಯಮ್ಮ ಬುಟ್ಟಿ ಹಿಡಿದು, ಸುಜಾತಳ ಭುಜದ ಆಸರೆಯಲ್ಲಿ ಮೆಟ್ಟಿಲು ಹತ್ತಿ ಬಂದರು. ಸೆಲಿನ್ ಜೊತೆಗಿದ್ದಳು. ಒಣಗಿದ ಗಿಡ ನೋಡಿ ಅವರು ಏನನ್ನುವರೋ ಎಂದು ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರು ಒಣಗಿದ ಎಲೆಗಳನ್ನು ಪಕ್ಕಕ್ಕೆ ಸರಿಸಿದರು. ಕುಕ್ಕರುಗಾಲಲ್ಲಿ ಕೂರಲಾಗದೆ ನೆಲದ ಮೇಲೆಯೇ ಕಾಲು ಚಾಚಿ ಕೂತು, ಸಣ್ಣ ಗುದ್ದಲಿಯಿಂದ ಅಂಚಿನ ಮಣ್ಣು ಎಳೆದರು. ನನ್ನ ಕೊಂಬು ಒಂದು ಟಣ್ಣೆಂದು ಉರುಳಿ ಬಂತು. ಇನ್ನೊಂದು. ಮತ್ತೊಂದು. ಅದನ್ನೆತ್ತಿ ಉಗುರಿನಿಂದ ಒತ್ತಿ ನೋಡಿದರು. ಉಗುರು ಇಳಿಯಲಿಲ್ಲ.

"ಇದೇನಣ್ಣ, ಬೇಯ್ಸಿರೋ ಕೊಂಬು?"

ಅವರು ಗುದ್ದಲಿ ಪಕ್ಕಕ್ಕಿಟ್ಟು ಎರಡೂ ಕೈಗಳನ್ನು ನಡುಮಣ್ಣಿಗೆ ಇಳಿಸಿದರು. ಮೊಣಕೈವರೆಗೂ ಹೋಯಿತು. ಉಸಿರು ಕಟ್ಟಿ ಮೇಲೆತ್ತಿದಾಗ ಬಂದದ್ದು ಎರಡು ಬೊಗಸೆ ತುಂಬುವಂಥ ಒಂದು ಗೊಂಚಲು, ಬೆರಳಿಗೆ ಬೆರಳು ಹೆಣೆದುಕೊಂಡ ಹಸಿ ಗೆಡ್ಡೆ. ಒಂದು ಬೆರಳನ್ನು ಮುರಿದರು. ಒಳಗೆ ಬೆಂಕಿಯ ಬಣ್ಣ. ಅದನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಸುಜಾತ, "ಅಮ್ಮ," ಎಂದಳು. ಪುಟ್ಟತಾಯಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಮಣ್ಣಿನ ಕೈಯಾದ್ದರಿಂದ ಅವರು ಒರೆಸಿಕೊಳ್ಳಲೂ ಇಲ್ಲ.

ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ. ಅದರ ಹಿಂದೆಯೇ ಬಂದ ನಾಚಿಕೆಯೂ ಅಷ್ಟೇ ಇತ್ತು. ಎಲ್ಲವನ್ನೂ ಹೇಳಿದೆ, ಚಳಿ, ನೀರು, ವಿಡಿಯೊ, ಮಾರುಕಟ್ಟೆ, ಕುಂಕುಮದ ಪೊಟ್ಟಣ ಕೂಡ. ಸೆಲಿನ್ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಎಲೆ ಒಣಗ್ತು ಅಂತ ಒಂದ್ ಮಾತು ಏಳಿದ್ರೆ, ಅವ್ವ ತಯಾರಾದ್ಲು ಅಂತ ನಾನೇ ಏಳ್ತಿದ್ನಲ್ಲಣ್ಣ," ಎಂದರು ಪುಟ್ಟತಾಯಮ್ಮ. "ಬೆಳೆ ಬಲಿತ್ರೆ ಎಲೆ ಒಣಗ್ದೆ ಇನ್ನೇನಾದದು?"

ವಿಡಿಯೊದವನ ಒಂಬತ್ತನೆಯ ಕಾರಣವೂ ಅದೇ ಆಗಿತ್ತೆಂದು ಸೆಲಿನ್ ಆಮೇಲೆ ನೋಡಿ ಹೇಳಿದಳು. ಆದರೆ ಆ ಮಾತು ಹೇಳುವಾಗ ಪುಟ್ಟತಾಯಮ್ಮ ನಗುತ್ತಿರಲಿಲ್ಲ. ಹನ್ನೊಂದು ಕೊಂಬನ್ನೂ ಹೆಕ್ಕಿ ಒಂದು ಕಡೆ ಗುಡ್ಡೆ ಮಾಡಿ ಕೇಳಿದರು: "ಒಳಗೆ ಏನೂ ಇರ್ನಿಲ್ಲ ಅನ್ಕಳಿ. ಇದ್ನೇ ನಾನು ಅವ್ವಂದು ಅಂತ ತಗಂಡೋಗಿ ಮಗೀಗೆ ಅಚ್ಚಿದ್ರೆ, ನೋಡ್ಕಂಡು ಸುಮ್ಕಿರ್ತಿದ್ರಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಹೌದು ಎನ್ನಲೂ ಆಗಲಿಲ್ಲ. ಎಷ್ಟೋ ಮುಚ್ಚಳ ಎತ್ತಿದ್ದೇನೆ, ನನ್ನೊಳಗಿನ ಆ ಒಂದನ್ನು ಎತ್ತಲು ನನಗೆ ಬರಲಿಲ್ಲ.

"ಗೊತ್ತಿಲ್ಲ ಪುಟ್ಟತಾಯಮ್ಮ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಇದೊಂದಾದ್ರೂ ನಿಜ ಏಳಿದ್ರಿ," ಎಂದು ಬುಟ್ಟಿ ಎತ್ತಿಕೊಂಡು ಇಳಿದು ಹೋದರು. ಮೂರು ದಿನ ಬೆಳಿಗ್ಗೆ ಕೆಳಗಿನಿಂದ ಕೂಗು ಬರಲಿಲ್ಲ. ಕೇಳಲು ಇನ್ನೇನು ಉಳಿದಿತ್ತು ನಿಜ, ಡ್ರಮ್ಮು ಖಾಲಿಯಾಗಿತ್ತು. ಆದರೂ ಆ ಹೊತ್ತಿಗೆ ನಾನು ಮೆಟ್ಟಿಲ ಬಾಗಿಲಲ್ಲಿ ನಿಂತಿರುತ್ತಿದ್ದೆ.

ನಾಲ್ಕನೆಯ ದಿನ ಅರಿಶಿನ ಹಚ್ಚುವ ಶಾಸ್ತ್ರ. ಕರೆಯುತ್ತಾರೋ ಇಲ್ಲವೋ ಎಂದು ನಾನು ಪಂಚೆ ಉಟ್ಟು ಮೇಲೆಯೇ ಕೂತಿದ್ದೆ. ಸುಜಾತಳ ಅಪ್ಪ ಬಂದು ಕರೆದರು. ಕೆಳಗೆ ಒರಳುಕಲ್ಲಿನಲ್ಲಿ ಅರೆದ ಹಸಿ ಅರಿಶಿನದ ವಾಸನೆ ಇಡೀ ಮನೆ ತುಂಬಿತ್ತು. ಹೆಂಗಸರೆಲ್ಲ ಹಚ್ಚಿದ ಮೇಲೆ ಪುಟ್ಟತಾಯಮ್ಮ ಬಟ್ಟಲನ್ನು ನನ್ನ ಮುಂದೆ ಹಿಡಿದರು. "ನೀವೂ ಅಚ್ಚಿ ಅಣ್ಣ. ನೀರು ಉಯ್ದೋರು ನೀವು." ಹುಡುಗಿಯ ಎರಡೂ ಕೆನ್ನೆಗೆ ಹಚ್ಚಿದೆ. ಕಿವಿಯ ಹಿಂದೆಯೂ ಹಚ್ಚಿದೆ, ಏಕೆಂದು ಅವಳು ಕೇಳಲಿಲ್ಲ. ನನ್ನ ಹೆಬ್ಬೆರಳಿನ ಹಳದಿ ವಾರದವರೆಗೆ ಹೋಗಲಿಲ್ಲ. ನಾನು ಸೋಪು ಹಾಕಲೂ ಇಲ್ಲ.

ಹತ್ತು ಕೊಂಬನ್ನು ಸೆಲಿನ್ ತೊಳೆದು ಪುಡಿ ಮಾಡಿಸಿದಳು. ಹನ್ನೊಂದನೆಯದು ಮೇಜಿನ ಮೇಲಿರುವುದು. ಅದನ್ನು ಮಣ್ಣಿನ ಸಮೇತ ಅಲ್ಲಿಟ್ಟವನು ನಾನೇ.

ಈ ವರ್ಷ ಮಳೆ ಬಿದ್ದ ಮೇಲೆ ಪುಟ್ಟತಾಯಮ್ಮ ಮತ್ತೆ ಮೆಟ್ಟಿಲು ಹತ್ತಿ ಬಂದರು. ಅದೇ ಸೀರೆಯ ತುಂಡು, ಒಳಗೆ ಬೀಜಕ್ಕೆಂದು ಎತ್ತಿಟ್ಟ ಎಂಟು ಗೆಡ್ಡೆ. ಈ ಸಲ ಬೇರೆ ಯಾರಿಗಾದರೂ ಕೊಡಿ ಎಂದೆ. "ನೆಡಕೆ ಯಾರಾದ್ರೂ ಆಯ್ತಾರೆ," ಎಂದರು. "ಬರ್ನಿಲ್ಲ ಅಂದ್ರೆ ಬರ್ನಿಲ್ಲ ಅಂತ ಬಂದು ಏಳ್ಬೇಕು, ಅಷ್ಟೇಯ. ಏಳ್ತೀರಾ?"

ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಹಾಗಾಗಿ ಈಗ ಕೂಗುವ ಮೊದಲೇ ನಾನೇ ಕೆಳಗಿಳಿದು ಹೋಗಿ ನಿಲ್ಲುತ್ತೇನೆ. ನೆಟ್ಟು ಇವತ್ತಿಗೆ ಹದಿನೆಂಟನೆಯ ದಿನ. ಪುಟ್ಟತಾಯಮ್ಮ ಚಪ್ಪಲಿ ಮೆಟ್ಟುತ್ತಿದ್ದರು.

"ನಮ್ಮವ್ವ ಎಂಗವ್ಳೆ ಇನ್ನಾಸಣ್ಣ?"

"ಇನ್ನೂ ಎದ್ದಿಲ್ಲ ಪುಟ್ಟತಾಯಮ್ಮ."

"ಸರಿ, ಮಲಗ್ಲಿ ಬುಡಿ."